ನೌಕರರ ಸಂಚಾರ ವೆಚ್ಚ: ಕೊನೆಯ ಎರಡು ಕಿಲೋಮೀಟರಿನ ಲೆಕ್ಕ

ಬೆಂಗಳೂರಿನ ಒಂದು ಸಣ್ಣ ಅಥವಾ ಮಧ್ಯಮ ಉದ್ದಿಮೆಯ ಲಾಭ-ನಷ್ಟ ತಖ್ತೆಯನ್ನು ಪರಿಶೀಲಿಸಿದರೆ ಬಾಡಿಗೆ, ವಿದ್ಯುತ್, ಸಂಬಳ, ಬಡ್ಡಿ, ಸವಕಳಿ ಮೊದಲಾದ ಎಲ್ಲ ಶೀರ್ಷಿಕೆಗಳೂ ಕಂಡುಬರುತ್ತವೆ. ಆದರೆ ನೌಕರನು ಮನೆಯಿಂದ ಕಾರ್ಖಾನೆಗೆ ಬಂದು ಹೋಗಲು ತಗಲುವ ವೆಚ್ಚಕ್ಕೆ ಅಲ್ಲಿ ಸ್ಥಾನವಿರುವುದಿಲ್ಲ. ಅದು ನೌಕರನ ಸ್ವಂತ ಖರ್ಚು ಎಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ಆ ವೆಚ್ಚವು ಬೇರೆ ಹೆಸರುಗಳಲ್ಲಿ ಮಾಲೀಕನ ಲೆಕ್ಕಕ್ಕೆ ಬಂದೇ ಬರುತ್ತದೆ. ತಡವಾಗಿ ಆರಂಭವಾಗುವ ಪಾಳಿ, ಹೆಚ್ಚುವರಿ ಸಂಬಳದ ಬೇಡಿಕೆ, ನುರಿತ ಕೆಲಸಗಾರನು ಮನೆಗೆ ಹತ್ತಿರವಾದ ಬೇರೊಂದು ಘಟಕಕ್ಕೆ ಸೇರಿಕೊಳ್ಳುವುದು, ಹೊಸಬನಿಗೆ ಪುನಃ ತರಬೇತಿ ನೀಡಬೇಕಾಗುವುದು, ಇವೆಲ್ಲವೂ ಆ ವೆಚ್ಚದ ರೂಪಾಂತರಗಳೇ ಆಗಿವೆ.

ನಗರದಲ್ಲಿ ಮೆಟ್ರೋ ಜಾಲ ವಿಸ್ತಾರಗೊಂಡಿದೆ. ಹಾಗಿದ್ದೂ ದ್ವಿಚಕ್ರ ವಾಹನಗಳ ದಟ್ಟಣೆ ಇಳಿದಂತೆ ಕಾಣುವುದಿಲ್ಲ. ಇದಕ್ಕೆ ಜನರ ಅಭ್ಯಾಸವನ್ನೋ ಪ್ರತಿಷ್ಠೆಯನ್ನೋ ದೂರುವ ಮುನ್ನ ಲೆಕ್ಕವನ್ನು ನೋಡುವುದು ಲೇಸು. ಲೆಕ್ಕ ಹಾಕಿದಾಗ, ಪ್ರಯಾಣಿಕನ ತೀರ್ಮಾನವು ಹದಿನೆಂಟು ಕಿಲೋಮೀಟರಿನ ಮೆಟ್ರೋ ದಾರಿಗಿಂತಲೂ ನಿಲ್ದಾಣದಿಂದಾಚೆಗಿನ ಎರಡು ಕಿಲೋಮೀಟರಿನ ಮೇಲೆ ಹೆಚ್ಚು ಅವಲಂಬಿಸಿರುವುದು ಕಂಡುಬರುತ್ತದೆ. ಉದ್ದಿಮೆದಾರನು ತನ್ನ ಮಿತಿಯೊಳಗೆ ಏನಾದರೂ ಮಾಡಲು ಸಾಧ್ಯವಿರುವುದೂ ಅಲ್ಲಿಯೇ. ತೆರಿಗೆ ಕಾನೂನು ಕೂಡ ಈ ವಿಷಯದಲ್ಲಿ ಸಾಕಷ್ಟು ಉದಾರವಾಗಿದೆ.

ಇಂದಿನ ಜಾಲ

ನಮ್ಮ ಮೆಟ್ರೋದ ಮೊದಲ ಭಾಗವು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ಆರಂಭವಾಯಿತು. 2017ರ ಜೂನ್ ತಿಂಗಳಿನಲ್ಲಿ ಮೊದಲ ಹಂತವು ಪೂರ್ಣಗೊಂಡು ಚಿಕ್ಕಪೇಟೆ ಹಾಗೂ ಕೃಷ್ಣರಾಜೇಂದ್ರ ಮಾರುಕಟ್ಟೆಯಂತಹ ಹಳೆಯ ವ್ಯಾಪಾರ ಕೇಂದ್ರಗಳಿಗೆ ರೈಲು ಬಂದಿತು. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗವು ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಅಖಂಡವಾಯಿತು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ಮುಂದುವರಿಯಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವು 16 ನಿಲ್ದಾಣಗಳೊಂದಿಗೆ ಸೇರ್ಪಡೆಯಾಗಿ, ಜಾಲದ ಒಟ್ಟು ಉದ್ದವು ಸುಮಾರು 96 ಕಿಲೋಮೀಟರಿಗೆ ತಲುಪಿತು.

ಉದ್ಯಮ ವಲಯದ ದೃಷ್ಟಿಯಿಂದ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರ ಎಂಬ ನಾಲ್ಕು ದೊಡ್ಡ ಉದ್ಯೋಗ ಕೇಂದ್ರಗಳು ಇದೀಗ ಒಂದೇ ಜಾಲದಲ್ಲಿವೆ. ನೇರಳೆ ಮತ್ತು ಹಸಿರು ಮಾರ್ಗಗಳು ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿಯೂ, ಹಸಿರು ಮತ್ತು ಹಳದಿ ಮಾರ್ಗಗಳು ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿಯೂ ಸಂಧಿಸುತ್ತವೆ. ಆದರೆ ನಿಲ್ದಾಣವು ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುತ್ತದೆ, ಕಾರ್ಖಾನೆಯು ಅದರ ಒಳಗಿನ ಅಡ್ಡರಸ್ತೆಯಲ್ಲಿರುತ್ತದೆ. ಇವೆರಡರ ನಡುವಿನ ಅಂತರವು ನಕ್ಷೆಯಲ್ಲಿ ಅಲ್ಪವಾದರೂ ಪ್ರಯಾಣಿಕನ ಜೇಬಿನಲ್ಲಿ ಅಲ್ಪವಲ್ಲ.

ಮಹಾನಗರ ಸಾರಿಗೆ ಸಂಸ್ಥೆಯ ಬಸ್ಸುಗಳು ಇಂದಿಗೂ ನಗರದ ಮುಖ್ಯ ಆಧಾರವಾಗಿವೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ನಿವಾಸಿಗಳಾದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಶುಲ್ಕವಿಲ್ಲದೆ ಸಂಚರಿಸಬಹುದಾಗಿದೆ. ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಗಿದ್ದು, ನಾಲ್ಕು ಮಾರ್ಗಗಳ 148 ಕಿಲೋಮೀಟರಿನ ಈ ಯೋಜನೆಯ ಕಾಮಗಾರಿಯು ನಿರೀಕ್ಷಿತ ವೇಗದಲ್ಲಿ ಸಾಗಿಲ್ಲ. ಆದುದರಿಂದ ಉದ್ದಿಮೆಗಳು ತಮ್ಮ ಏರ್ಪಾಡುಗಳನ್ನು ಮೆಟ್ರೋ ಮತ್ತು ಬಸ್ಸುಗಳ ಆಧಾರದಲ್ಲಿಯೇ ರೂಪಿಸಿಕೊಳ್ಳುವುದು ವಿವೇಕ.

ಪೆಟ್ರೋಲ್ ಒಂದೇ ವೆಚ್ಚವಲ್ಲ

ಮೆಟ್ರೋ ದರಗಳನ್ನು 2025ರ ಫೆಬ್ರವರಿ 9ರಿಂದ ಪರಿಷ್ಕರಿಸಲಾಯಿತು. ಆ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂ. ಆಗಿಯೇ ಉಳಿದು, ಗರಿಷ್ಠ ದರವು 60 ರೂ.ಗಳಿಂದ 90 ರೂ.ಗಳಿಗೆ ಏರಿತು. 15ರಿಂದ 20 ಕಿಲೋಮೀಟರಿನ ಪ್ರಯಾಣಕ್ಕೆ 70 ರೂ. ನಿಗದಿಯಾಯಿತು. ಸ್ಮಾರ್ಟ್ ಕಾರ್ಡ್ ಬಳಸುವವರಿಗೆ ಶೇಕಡಾ 5ರ ರಿಯಾಯಿತಿಯೂ, ದಟ್ಟಣೆಯಿಲ್ಲದ ವೇಳೆಯಲ್ಲಿ ಇನ್ನೂ ಶೇಕಡಾ 5ರ ರಿಯಾಯಿತಿಯೂ ದೊರೆತವು. ಇಲ್ಲಿನ ಲೆಕ್ಕಗಳು ಈ ದರಗಳನ್ನು ಆಧರಿಸಿವೆ.

ಮನೆಯಿಂದ ಕೆಲಸದ ಸ್ಥಳಕ್ಕೆ 18 ಕಿಲೋಮೀಟರು ದೂರವಿರುವ, ತಿಂಗಳಿಗೆ 25 ದಿನ ದುಡಿಯುವ ನೌಕರನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನ ತಿಂಗಳ ಓಡಾಟ 900 ಕಿಲೋಮೀಟರು, ಪ್ರಯಾಣಗಳ ಸಂಖ್ಯೆ 50.

ಮೆಟ್ರೋ: 70 ರೂ.ಗಳಂತೆ 50 ಪ್ರಯಾಣಗಳಿಗೆ 3,500 ರೂ. ಕಾರ್ಡಿನ ರಿಯಾಯಿತಿ ಕಳೆದು 3,325 ರೂ.

ಸಾಮಾನ್ಯ ಬಸ್ಸು: 2025ರ ಜನವರಿಯಲ್ಲಿ ದರಗಳು ಶೇಕಡಾ 15ರಷ್ಟು ಏರಿದ ನಂತರ ಮಾಸಿಕ ಪಾಸು 1,200 ರೂ.

ದ್ವಿಚಕ್ರ ವಾಹನ: ಲೀಟರಿಗೆ 45 ಕಿಲೋಮೀಟರು ಓಡುವ ವಾಹನಕ್ಕೆ 20 ಲೀಟರು ಪೆಟ್ರೋಲ್ ಬೇಕು. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 100 ರೂ. ಎಂದು ಹಿಡಿದರೆ 2,000 ರೂ. ಬಹುಪಾಲು ಜನರು ತಮ್ಮ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 1,00,000 ರೂ.ಗಳಿಗೆ ಕೊಂಡ ವಾಹನವು ಎಂಟು ವರ್ಷಗಳ ನಂತರ 20,000 ರೂ.ಗಳಿಗೆ ಮಾರಾಟವಾಗುವುದಾದರೆ, ತಿಂಗಳಿಗೆ 833 ರೂ.ಗಳಷ್ಟು ಸವಕಳಿಯಾಗುತ್ತದೆ. ವಿಮೆಗೆ 167 ರೂ., ದುರಸ್ತಿ ಮತ್ತು ಟೈರುಗಳಿಗೆ 500 ರೂ. ಎಂದು ಅಂದಾಜಿಸಿದರೆ ಒಟ್ಟು 3,500 ರೂ. ಆಗುತ್ತದೆ.

ಕಾರು: ದಟ್ಟಣೆಯಲ್ಲಿ ಲೀಟರಿಗೆ 12 ಕಿಲೋಮೀಟರಿನಂತೆ 75 ಲೀಟರು, ಅಂದರೆ 7,500 ರೂ. ಎಂಟು ಲಕ್ಷ ರೂ.ಗಳ ಕಾರು ಹತ್ತು ವರ್ಷಗಳಲ್ಲಿ ಎರಡು ಲಕ್ಷಕ್ಕೆ ಇಳಿಯುವುದೆಂದು ಹಿಡಿದರೆ ಸವಕಳಿ 5,000 ರೂ. ವಿಮೆಗೆ ಸುಮಾರು 1,667 ರೂ., ನಿರ್ವಹಣೆಗೆ 1,000 ರೂ. ಸೇರಿಸಿದರೆ ನಿಲುಗಡೆ ಶುಲ್ಕ ಮತ್ತು ಸಾಲದ ಬಡ್ಡಿಯನ್ನು ಬಿಟ್ಟು 15,167 ರೂ. ಆಗುತ್ತದೆ.

ಈ ಅಂಕಿಗಳಲ್ಲಿ ವಾಹನದ ಬೆಲೆ, ಇಂಧನ, ವಿಮೆ ಮತ್ತು ದುರಸ್ತಿಗಳು ಉದಾಹರಣೆಗಾಗಿ ಹಿಡಿದ ಅಂದಾಜುಗಳಾಗಿದ್ದು, ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಸೇರಿಸಿ ನೋಡಬಹುದು. ಇವುಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕಾರಿನೊಡನೆ ಹೋಲಿಸಿದರೆ ಮೆಟ್ರೋ ನಿಸ್ಸಂಶಯವಾಗಿ ಅಗ್ಗ. ದ್ವಿಚಕ್ರ ವಾಹನದೊಡನೆ ಹೋಲಿಸಿದಾಗ ಮಾತ್ರ ತಕ್ಕಡಿಯ ಎರಡು ತಟ್ಟೆಗಳೂ ಬಹುತೇಕ ಸಮವಾಗಿವೆ. ಅದೂ ಪೂರ್ಣ ವೆಚ್ಚವನ್ನು ಗಣಿಸಿದಾಗ. ಈಗಾಗಲೇ ವಾಹನ ಕೊಂಡಿರುವವನಿಗೆ ಸವಕಳಿಯು ಕೈಬಿಟ್ಟು ಹೋದ ಹಣ. ಅವನು 3,325 ರೂ.ಗಳನ್ನು ಹೋಲಿಸುವುದು ಪೆಟ್ರೋಲಿನ 2,000 ರೂ.ಗಳೊಡನೆ. ಆದಕಾರಣ ವಾಹನ ಕೊಳ್ಳುವ ಮುನ್ನವೇ, ಅಂದರೆ ಕೆಲಸಕ್ಕೆ ಸೇರುವ ಹಂತದಲ್ಲಿಯೇ, ನೌಕರನಿಗೆ ಬೇರೊಂದು ದಾರಿ ಕಾಣಿಸಬೇಕು. ಸಾಲ ಮಾಡಿ ವಾಹನ ಕೊಂಡ ಮೇಲೆ ಅವನನ್ನು ಮೆಟ್ರೋದತ್ತ ತಿರುಗಿಸುವುದು ಕಷ್ಟಸಾಧ್ಯ.

ಕೊನೆಯ ಎರಡು ಕಿಲೋಮೀಟರು

ಮೇಲಿನ ಹೋಲಿಕೆಯಲ್ಲಿ ನಿಲ್ದಾಣದಿಂದ ಕಾರ್ಖಾನೆಯವರೆಗಿನ ವೆಚ್ಚವು ಸೇರಿಲ್ಲ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಬೆಂಗಳೂರಿನಲ್ಲಿ ಆಟೋರಿಕ್ಷಾದ ಮೊದಲ ಎರಡು ಕಿಲೋಮೀಟರಿಗೆ 36 ರೂ., ಅನಂತರ ಪ್ರತಿ ಕಿಲೋಮೀಟರಿಗೆ 18 ರೂ. ಅಂದರೆ ಮೆಟ್ರೋದಲ್ಲಿ ಕಿಲೋಮೀಟರಿಗೆ ಸುಮಾರು 4 ರೂ. ಕೊಟ್ಟು 18 ಕಿಲೋಮೀಟರು ಬಂದವನು, ಉಳಿದ ಎರಡು ಕಿಲೋಮೀಟರಿಗೆ ಅದರ ನಾಲ್ಕೂವರೆ ಪಟ್ಟು ದರವನ್ನು ತೆರಬೇಕಾಗುತ್ತದೆ.

ದಿನಕ್ಕೆ ಎರಡು ಬಾರಿಯಂತೆ ಒಂದು ತುದಿಯ ಆಟೋ ವೆಚ್ಚವೇ ತಿಂಗಳಿಗೆ 1,800 ರೂ. ಮೆಟ್ರೋ ಮತ್ತು ಆಟೋ ಸೇರಿ 5,125 ರೂ. ಆಗುತ್ತದೆ. ಮನೆಯ ಬದಿಯಲ್ಲಿಯೂ ಆಟೋ ಬೇಕಾದರೆ ಒಟ್ಟು 6,925 ರೂ.ಗಳಿಗೆ ಏರುತ್ತದೆ. ತಿಂಗಳಿಗೆ ಇಪ್ಪತ್ತು ಸಾವಿರ ರೂ. ಗಳಿಸುವ ಕೆಲಸಗಾರನಿಗೆ ಇದು ಸಂಬಳದ ಮೂರನೆಯ ಒಂದು ಭಾಗಕ್ಕಿಂತಲೂ ಅಧಿಕ. ಅವನು ದ್ವಿಚಕ್ರ ವಾಹನವನ್ನು ಆರಿಸಿಕೊಂಡರೆ ಅದನ್ನು ತಪ್ಪು ಲೆಕ್ಕವೆಂದು ಹೇಳಲಾಗದು.

ಅದೇ ಎರಡು ಕಿಲೋಮೀಟರಿಗೆ ಸಾಮಾನ್ಯ ಬಸ್ಸು ದೊರೆತರೆ ಕನಿಷ್ಠ ದರ 6 ರೂ.ಗಳಂತೆ ತಿಂಗಳಿಗೆ 300 ರೂ. ಸಾಕು. ಮಹಿಳಾ ನೌಕರರಿಗೆ ಅದೂ ಇಲ್ಲ. ಹೀಗೆ ಮೆಟ್ರೋ ಪ್ರಯಾಣದ ಒಟ್ಟು ವೆಚ್ಚವು 3,325 ರೂ.ಗಳಿಂದ 5,125 ರೂ.ಗಳವರೆಗೆ ವ್ಯತ್ಯಾಸವಾಗುವುದು ಕೇವಲ ಕೊನೆಯ ಭಾಗದ ಏರ್ಪಾಡಿನಿಂದ. ನಿಲ್ದಾಣಕ್ಕೆ ಒಂದು ಕಿಲೋಮೀಟರಿನೊಳಗಿರುವ ಘಟಕಗಳಿಗೆ ಒಳ್ಳೆಯ ಕಾಲುದಾರಿ ಮತ್ತು ಬೀದಿದೀಪಗಳಿದ್ದರೆ ಈ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಆದುದರಿಂದ ಕಾಲುದಾರಿಯ ಬೇಡಿಕೆಯೂ ಒಂದು ವಾಣಿಜ್ಯ ಬೇಡಿಕೆಯೇ ಸರಿ.

ಕಾಯುವ ವೇಳೆಯ ಬೆಲೆ

ಹಣದ ಜೊತೆಗೆ ವೇಳೆಯ ಲೆಕ್ಕವೂ ಉಂಟು. ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಬರುವ ಪ್ರಯಾಣಿಕನು ಸರಾಸರಿ ಎರಡು ವಾಹನಗಳ ನಡುವಿನ ಅಂತರದ ಅರ್ಧದಷ್ಟು ಹೊತ್ತು ಕಾಯುತ್ತಾನೆ. ಹಳದಿ ಮಾರ್ಗವು ಆರಂಭದಲ್ಲಿ ಮೂರೇ ರೈಲುಗಳನ್ನು ಹೊಂದಿದ್ದು, 25 ನಿಮಿಷಗಳಿಗೊಮ್ಮೆ ಸಂಚರಿಸುತ್ತಿತ್ತು. ಆಗ ಸರಾಸರಿ ಕಾಯುವಿಕೆ ಹನ್ನೆರಡೂವರೆ ನಿಮಿಷ. ಹೊಸ ರೈಲುಗಳು ಸೇರಿದಂತೆ ಆ ಅಂತರ ಕಡಿಮೆಯಾಗುತ್ತ ಬಂದಿತು. ಅಂತರವು ಐದು ನಿಮಿಷವಾದರೆ ಕಾಯುವಿಕೆ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ. ರೈಲಿನ ವೇಗ ಒಂದಿಷ್ಟೂ ಹೆಚ್ಚದಿದ್ದರೂ ಪ್ರತಿ ಪ್ರಯಾಣದಲ್ಲಿ ಹತ್ತು ನಿಮಿಷ ಉಳಿಯಿತು, ತಿಂಗಳಿಗೆ 50 ಪ್ರಯಾಣಗಳಲ್ಲಿ ಎಂಟು ಗಂಟೆಗೂ ಮಿಕ್ಕಿ ಉಳಿಯಿತು. ಇದು ಒಂದು ಪೂರ್ಣ ಪಾಳಿಗೆ ಸಮಾನ.

ಸಂಪರ್ಕ ಬಸ್ಸಿಗೂ ಇದೇ ನಿಯಮ ಅನ್ವಯಿಸುತ್ತದೆ. ಗಂಟೆಗೊಂದು ದೊಡ್ಡ ಬಸ್ಸಿಗಿಂತ ಹದಿನೈದು ನಿಮಿಷಕ್ಕೊಂದು ಮಿನಿ ಬಸ್ಸು ಹೆಚ್ಚು ಪ್ರಯೋಜನಕಾರಿ. ಪಾಳಿಯ ವೇಳೆಯನ್ನು ಹದಿನೈದು ನಿಮಿಷ ಹಿಂದೆ ಮುಂದೆ ಮಾಡಿ ರೈಲಿನ ವೇಳೆಗೆ ಹೊಂದಿಸಲು ಯಾವ ವೆಚ್ಚವೂ ತಗಲುವುದಿಲ್ಲ. 2025ರ ಪರಿಷ್ಕರಣೆಯಲ್ಲಿ ಬೆಳಗಿನ 8 ಗಂಟೆಯೊಳಗಿನ ಪ್ರಯಾಣವನ್ನು ದಟ್ಟಣೆಯಿಲ್ಲದ ವೇಳೆಯೆಂದು ಪರಿಗಣಿಸಿದುದರಿಂದ, ಪಾಳಿಯನ್ನು ಬೇಗ ಆರಂಭಿಸುವ ಘಟಕದ ನೌಕರರು 70 ರೂ.ಗಳ ಪ್ರಯಾಣವನ್ನು 63 ರೂ.ಗಳಲ್ಲಿ ಮುಗಿಸಬಹುದು. ಬೋಗಿಗಳಲ್ಲಿ ನೂಕುನುಗ್ಗಲು ಕಡಿಮೆಯಿರುವುದು ಇನ್ನೊಂದು ಲಾಭ.

ಉದ್ದಿಮೆಗಳು ಕೈಗೊಳ್ಳಬಹುದಾದ ಕ್ರಮ

ಮೊದಲನೆಯದಾಗಿ, ನೌಕರರ ವಿಳಾಸಗಳನ್ನು ಪಿನ್ ಕೋಡ್‌ವಾರು ಪಟ್ಟಿ ಮಾಡಿ, ಎಷ್ಟು ಮಂದಿ ಯಾವ ನಿಲ್ದಾಣದ ಮೂಲಕ ಬರಬಹುದು ಎಂಬುದನ್ನು ಗುರುತಿಸಬೇಕು. ಸಂಬಳದ ಪಟ್ಟಿಯಿಂದಲೇ ಒಂದೆರಡು ದಿನಗಳಲ್ಲಿ ಮುಗಿಯುವ ಕೆಲಸವಿದು.

ಎರಡನೆಯದಾಗಿ, ಆ ಅಂಕಿಗಳೊಡನೆ ಸಾರಿಗೆ ಸಂಸ್ಥೆಯನ್ನು ಸಂಪರ್ಕ ಬಸ್ಸಿಗಾಗಿ ಕೋರಬೇಕು. ಒಂದೊಂದು ಘಟಕವು ಪ್ರತ್ಯೇಕವಾಗಿ ಬರೆಯುವ ಪತ್ರಕ್ಕಿಂತ, ಪಾಳಿಯ ವೇಳೆ ಮತ್ತು ಪ್ರಯಾಣಿಕರ ಸಂಖ್ಯೆಯನ್ನು ಒಳಗೊಂಡ ಸಾಮೂಹಿಕ ಮನವಿಗೆ ತೂಕ ಹೆಚ್ಚು. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕಾಗಿ 2022ರಲ್ಲಿಯೇ ಕಾಯ್ದೆಯಾಗಿದ್ದು, ವಿವಿಧ ಸಾರಿಗೆಗಳನ್ನು ಒಂದಕ್ಕೊಂದು ಹೊಂದಿಸುವುದು ಅದರ ಆಶಯ. ಮನವಿಯ ಪ್ರತಿಯನ್ನು ಅಲ್ಲಿಗೂ ಸಲ್ಲಿಸುವುದು ಯೋಗ್ಯ.

ಮೂರನೆಯದಾಗಿ, ಬಸ್ಸು ದೊರೆಯದ ಕಡೆ ನೆರೆಹೊರೆಯ ಘಟಕಗಳು ಒಟ್ಟುಗೂಡಿ ವಾಹನವನ್ನು ಬಾಡಿಗೆಗೆ ಪಡೆಯಬಹುದು. 26 ಆಸನಗಳ ಮಿನಿ ಬಸ್ಸೊಂದು ಬೆಳಿಗ್ಗೆ ಮೂರು, ಸಂಜೆ ಮೂರು ಸರದಿ ಓಡಿದರೆ 78 ಮಂದಿಯನ್ನು ಸಾಗಿಸುತ್ತದೆ. ಮಾಸಿಕ ಬಾಡಿಗೆ 65,000 ರೂ. ಎಂದು ಹಿಡಿದರೆ ತಲಾ ವೆಚ್ಚ 833 ರೂ. ಆಟೋವಿನ 1,800 ರೂ.ಗಳಿಗೆ ಹೋಲಿಸಿದರೆ ಇದು ಅರ್ಧಕ್ಕಿಂತ ಕಡಿಮೆ. ಆಸನಗಳು ಅರ್ಧ ಖಾಲಿಯಾಗಿ ಓಡಿದರೆ ತಲಾ ವೆಚ್ಚವು ಇಮ್ಮಡಿಯಾಗಿ ಲಾಭವು ಮಾಯವಾಗುತ್ತದೆ. ಆದುದರಿಂದಲೇ ಒಂಟಿಯಾಗಿ ಮಾಡುವುದಕ್ಕಿಂತ ಒಟ್ಟಾಗಿ ಮಾಡುವುದು ಲೇಸು. ಬಾಡಿಗೆಗೆ ಪಡೆಯುವ ವಾಹನವು ಹಳದಿ ಫಲಕದ, ಸೂಕ್ತ ರಹದಾರಿಯುಳ್ಳ ವಾಹನವೇ ಆಗಿರಬೇಕು. ಖಾಸಗಿ ನೋಂದಣಿಯ ವಾಹನವನ್ನು ಅಗ್ಗವೆಂದು ಬಾಡಿಗೆಗೆ ಪಡೆದರೆ ಅಪಘಾತದ ಸಂದರ್ಭದಲ್ಲಿ ವಿಮೆಯ ಪ್ರಶ್ನೆ ಎದುರಾಗುತ್ತದೆ.

ಆದಾಯ ತೆರಿಗೆಯ ದೃಷ್ಟಿ

ಬಸ್ಸು ಏರ್ಪಡಿಸುವ ಗೋಜಿಗಿಂತ ಅಷ್ಟೇ ಮೊತ್ತವನ್ನು ನಗದಾಗಿ ಕೊಡುವುದು ಸುಲಭವಲ್ಲವೇ ಎಂಬ ಪ್ರಶ್ನೆ ಸಹಜ. ಹಿಂದೆ ಅದಕ್ಕೆ ಆಧಾರವಿತ್ತು. ಮನೆ ಮತ್ತು ಕಚೇರಿಯ ನಡುವಿನ ಸಾರಿಗೆ ಭತ್ಯೆಗೆ ತಿಂಗಳಿಗೆ 800 ರೂ.ಗಳಿದ್ದ ವಿನಾಯಿತಿಯನ್ನು 2015ರಲ್ಲಿ 1,600 ರೂ.ಗಳಿಗೆ ಏರಿಸಲಾಗಿತ್ತು. 2018-19ನೇ ಆರ್ಥಿಕ ವರ್ಷದಿಂದ ಅದನ್ನು ಹಿಂತೆಗೆದುಕೊಂಡು ಎಲ್ಲ ವೇತನದಾರರಿಗೂ 40,000 ರೂ.ಗಳ ಪ್ರಮಾಣಿತ ಕಡಿತವನ್ನು ನೀಡಲಾಯಿತು. ಭತ್ಯೆಯ ವಿನಾಯಿತಿಯು ನಿರ್ದಿಷ್ಟ ವರ್ಗಗಳ ಅಂಗವಿಕಲ ನೌಕರರಿಗೆ ಮಾತ್ರ ಉಳಿಯಿತು. ಆದುದರಿಂದ ನಗದು ಭತ್ಯೆಯು ವೇತನದ ಭಾಗವಾಗಿ ತೆರಿಗೆಗೆ ಒಳಪಡುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರಲು ಮಾಲೀಕನು ಒದಗಿಸುವ ವಾಹನದ ಬಳಕೆಯನ್ನು ತೆರಿಗೆಗೊಳಪಡುವ ಸೌಲಭ್ಯವೆಂದು ಗಣಿಸತಕ್ಕದ್ದಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 17(2)ನೇ ಪ್ರಕರಣದ ವಿವರಣೆಯು ಹೇಳಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಮಾಲೀಕನಿಗೆ ಇದು ವ್ಯವಹಾರದ ವೆಚ್ಚವಾಗಿ ಕಡಿತಕ್ಕೆ ಅರ್ಹವಾಗುತ್ತದೆ.

2025-26ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ಗಳವರೆಗಿನ ಆದಾಯಕ್ಕೆ ರಿಯಾಯಿತಿ ದೊರೆಯುವುದರಿಂದ, ಬಹುಪಾಲು ಕಾರ್ಮಿಕರಿಗೆ ನಗದಿನ ಮೇಲೂ ತೆರಿಗೆ ಬರುವುದಿಲ್ಲ ಎಂಬುದು ನಿಜ. ಅವರ ಮಟ್ಟಿಗೆ ವ್ಯತ್ಯಾಸವಿರುವುದು ತೆರಿಗೆಯಲ್ಲಲ್ಲ, ಬೆಲೆಯಲ್ಲಿ. ಕೈಗೆ ಕೊಟ್ಟ 833 ರೂ.ಗಳಲ್ಲಿ ಒಬ್ಬ ನೌಕರನು ಹನ್ನೊಂದೂವರೆ ದಿನಗಳಷ್ಟೇ ಆಟೋದಲ್ಲಿ ಓಡಾಡಬಲ್ಲ. ಅಷ್ಟೇ ಹಣವು ಬಸ್ಸಿಗೆ ಹೋದರೆ ತಿಂಗಳ 25 ದಿನವೂ ಸಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆ

ಇಲ್ಲಿ ವಾಹನದ ಗಾತ್ರವೇ ನಿರ್ಣಾಯಕ. ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚಿಲ್ಲದ ಆಸನ ಸಾಮರ್ಥ್ಯದ ಪ್ರಯಾಣಿಕ ವಾಹನದ ಬಾಡಿಗೆಯ ಮೇಲಿನ ತೆರಿಗೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಪ್ರಕರಣಕ್ಕೆ ತಂದ ತಿದ್ದುಪಡಿಯಂತೆ 2019ರ ಫೆಬ್ರವರಿ 1ರಿಂದ ಈ ಮಿತಿಯು ಜಾರಿಯಲ್ಲಿದೆ. ಅದಕ್ಕಿಂತ ದೊಡ್ಡ ವಾಹನಕ್ಕೆ ಈ ನಿರ್ಬಂಧವಿಲ್ಲ. ಕಾನೂನಿನಂತೆ ನೌಕರರಿಗೆ ಸಾರಿಗೆ ಒದಗಿಸುವುದು ಕಡ್ಡಾಯವಾಗಿರುವಲ್ಲಿ, ಉದಾಹರಣೆಗೆ ಮಹಿಳೆಯರ ರಾತ್ರಿ ಪಾಳಿಗೆ ಅಂತಹ ಷರತ್ತು ಅನ್ವಯವಾಗುವಲ್ಲಿ, ಸಣ್ಣ ವಾಹನಕ್ಕೂ ಜಮೆ ಲಭ್ಯವಾಗುತ್ತದೆ.

ಇಂಧನ ಸಹಿತ ಬಾಡಿಗೆಗೆ ವಾಹನದ ಮಾಲೀಕನು ಶೇಕಡಾ 5ರ ದರವನ್ನು ಸೀಮಿತ ಜಮೆಯೊಂದಿಗೆ, ಅಥವಾ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರ ದರವನ್ನು ಪೂರ್ಣ ಜಮೆಯೊಂದಿಗೆ ಆರಿಸಿಕೊಳ್ಳಬಹುದು. ಅದಕ್ಕೆ ಮುಂಚೆ ಎರಡನೆಯ ದರ ಶೇಕಡಾ 12 ಆಗಿತ್ತು. ಮೇಲಿನ ಉದಾಹರಣೆಯ 65,000 ರೂ. ಬಾಡಿಗೆಗೆ ಶೇಕಡಾ 18ರಂತೆ 11,700 ರೂ. ತೆರಿಗೆಯಾಗುತ್ತದೆ. 26 ಆಸನಗಳ ವಾಹನವಾದರೆ ತೆರಿಗೆಗೊಳಪಡುವ ಸರಕನ್ನು ತಯಾರಿಸುವ ಘಟಕಕ್ಕೆ ಇದು ಜಮೆಯಾಗಿ ಮರಳುತ್ತದೆ. ಅದೇ ಕೆಲಸಕ್ಕೆ 12 ಆಸನಗಳ ವಾಹನಗಳನ್ನು ಬಳಸಿದರೆ ಆ ತೆರಿಗೆಯು ಪೂರ್ಣ ವೆಚ್ಚವಾಗಿಯೇ ಉಳಿಯುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಯಾವ ಜಮೆಯೂ ಇಲ್ಲದ ಕಾರಣ, ಅವರಿಗೆ ಶೇಕಡಾ 5ರ ದರ ವಿಧಿಸುವ ಬಾಡಿಗೆದಾರನೇ ಲಾಭಕರ. ಕಂಪನಿಯಲ್ಲದ ವ್ಯಕ್ತಿಯಿಂದ ಕಂಪನಿಯೊಂದು ಇಂತಹ ಸೇವೆ ಪಡೆದು, ಬಿಲ್ಲಿನಲ್ಲಿ ಹೆಚ್ಚಿನ ದರದ ತೆರಿಗೆ ವಿಧಿಸಿಲ್ಲವಾದರೆ, 2019ರ ಅಕ್ಟೋಬರ್ 1ರಿಂದ ತೆರಿಗೆಯನ್ನು ಕಂಪನಿಯೇ ವಿಪರ್ಯಯ ಪದ್ಧತಿಯಲ್ಲಿ ಪಾವತಿಸತಕ್ಕದ್ದು. ಲೆಕ್ಕ ಪರಿಶೋಧನೆಯ ವೇಳೆ ಪದೇ ಪದೇ ಕಂಡುಬರುವ ಲೋಪ ಇದು.

ಅಪಘಾತದ ಹೊಣೆ

ಈ ವಿಷಯವನ್ನು ಕೇವಲ ಉಳಿತಾಯದ ದೃಷ್ಟಿಯಿಂದ ನೋಡುವುದು ಸಾಲದು. ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಹಿಂದಿರುಗುವಾಗ ಸಂಭವಿಸಿದ ಅಪಘಾತವನ್ನು, ಸಂದರ್ಭ, ವೇಳೆ ಮತ್ತು ಸ್ಥಳಗಳಿಗೂ ಉದ್ಯೋಗಕ್ಕೂ ಸಂಬಂಧವಿದ್ದಲ್ಲಿ, ಉದ್ಯೋಗದಿಂದ ಉಂಟಾದುದೆಂದೇ ಪರಿಗಣಿಸುವ ನಿಯಮವನ್ನು 2010ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆಗೆ ಸೇರಿಸಲಾಯಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ನೌಕರರ ಪರಿಹಾರ ಕಾಯ್ದೆಗೂ ಇದೇ ಅರ್ಥವನ್ನು ವಿಸ್ತರಿಸಿತು. ಹತ್ತು ಗಂಟೆ ದುಡಿದ ಕೆಲಸಗಾರನು ರಾತ್ರಿ ಹದಿನೆಂಟು ಕಿಲೋಮೀಟರು ದ್ವಿಚಕ್ರ ವಾಹನದಲ್ಲಿ ಹೆದ್ದಾರಿಯ ಲಾರಿಗಳ ನಡುವೆ ಮನೆಗೆ ತೆರಳುವುದು ಗೇಟಿನ ಹೊರಗಿನ ಸಂಗತಿಯೆಂದು ಇನ್ನು ಸುಮ್ಮನಿರುವಂತಿಲ್ಲ. ಕಾನೂನಿನ ಹೊಣೆ ಒತ್ತಟ್ಟಿಗಿರಲಿ, ನುರಿತ ಕೈಯೊಂದು ರಸ್ತೆಯಲ್ಲಿ ಇಲ್ಲವಾದರೆ ಒಂದು ಕುಟುಂಬ ಕಳೆದುಕೊಳ್ಳುವುದನ್ನು ಯಾವ ತಖ್ತೆಯಲ್ಲಿಯೂ ನಮೂದಿಸಲಾಗದು.

ಉಪಸಂಹಾರ

ಮೆಟ್ರೋ ದರ ನಿಗದಿಪಡಿಸುವುದಾಗಲಿ ಹೊಸ ಮಾರ್ಗ ನಿರ್ಮಿಸುವುದಾಗಲಿ ಉದ್ದಿಮೆದಾರರ ಕೈಯಲ್ಲಿಲ್ಲ. ನಿಲ್ದಾಣದಿಂದ ಕಾರ್ಖಾನೆಯ ಬಾಗಿಲವರೆಗಿನ ಎರಡು ಕಿಲೋಮೀಟರು ಮಾತ್ರ ಅವರ ಅಳವಿನಲ್ಲಿದೆ. ಆ ಭಾಗಕ್ಕೆ ತಲಾ ಎಂಟುನೂರು ರೂ.ಗಳ ಆಸುಪಾಸಿನ ವೆಚ್ಚದಲ್ಲಿ, ಬಸ್ಸು ಬಂದಲ್ಲಿ ಅದೂ ಇಲ್ಲದೆ, ನೌಕರನಿಗೆ ತಿಂಗಳಿಗೆ 1,500 ರೂ.ಗಳಿಂದ 1,800 ರೂ.ಗಳವರೆಗೆ ಉಳಿಸಿಕೊಡಲು ಸಾಧ್ಯವಿದೆ. ಇಷ್ಟೇ ಮೊತ್ತದ ವೇತನ ಏರಿಕೆಗೆ ಮಾಲೀಕನು ತೆರಬೇಕಾದ ಬೆಲೆ ಇದರ ಇಮ್ಮಡಿಗಿಂತಲೂ ಅಧಿಕ. ಒಂದೇ ಕೈಗಾರಿಕಾ ಪ್ರದೇಶದ ಸದಸ್ಯರು ತಮ್ಮ ನೌಕರರ ಪಟ್ಟಿಗಳನ್ನು ಒಂದೆಡೆ ಇಟ್ಟು ಲೆಕ್ಕ ಹಾಕಿದರೆ, ತಮ್ಮ ಪ್ರದೇಶಕ್ಕೆ ಎಷ್ಟು ಬಸ್ಸು, ಯಾವ ವೇಳೆಗೆ ಬೇಕೆಂಬುದು ಒಂದೇ ಸಭೆಯಲ್ಲಿ ನಿರ್ಧಾರವಾಗಬಲ್ಲದು.